ಹಲ್ಲುಪಟ್ಟಿಯ ರೈಲುಹಾದಿ

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಕೊಟ್ಟೂರಿಗೆ ಬರುವ ರೈಲನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಆ ಬಯಲುಹಾದಿಯಲ್ಲಿ ನುಣುಪಾದ ಗಾಲಿಯು ನುಣುಪಾದ ಹಳಿಯನ್ನು ತನ್ನ ಭಾರದಿಂದಲೇ ಒತ್ತಿ ಹಿಡಿದು ಉರುಳುವುದು. ಹಾದಿಯು ಕಡಿದಾಗಿ ಏರಿದರೆ ಮಾತ್ರ ಈ ಹಿಡಿತವು ಸಾಲದು. ಗಾಲಿಯು ನಿಂತಲ್ಲಿಯೇ ತಿರುಗಿ ಜಾರುವುದು. ನೀಲಗಿರಿಯಲ್ಲಿ ಈ ತೊಡಕನ್ನು ಹೇಗೆ ಬಿಡಿಸಿದರೆಂಬುದನ್ನು ಇಲ್ಲಿ ವಿಚಾರಿಸುವೆವು. ೧೯೫೩ರ ವರೆಗೆ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ನೀಲಗಿರಿಯೂ ಮದರಾಸಿನ ಒಂದೇ ಆಡಳಿತಕ್ಕೆ ಸೇರಿದ್ದುದರಿಂದ ಆ ಬೆಟ್ಟವು ನಮಗೆ ತೀರ ಪರಸ್ಥಳವಲ್ಲ.

ಮೆಟ್ಟುಪಾಳಯದಿಂದ ಕೂನೂರಿನ ವರೆಗೆ ೧೮೯೯ರಲ್ಲಿ ತೆರೆಯಲ್ಪಟ್ಟ ಈ ಮಾರ್ಗವು ೧೯೦೮ರಲ್ಲಿ ಉದಕಮಂಡಲವನ್ನು ಮುಟ್ಟಿತು. ಸುಮಾರು ೪೬ ಕಿಲೋಮೀಟರುಗಳ ಈ ಹಾದಿಯು ೩೨೬ ಮೀಟರು ಎತ್ತರದಿಂದ ಹೊರಟು ಸುಮಾರು ೨,೨೦೦ ಮೀಟರಿಗೆ ಏರುವುದು. ಕಲ್ಲಾರಿಗೂ ಕೂನೂರಿಗೂ ನಡುವೆ ಕೆಲವೆಡೆ ಹನ್ನೆರಡು ಅಡಿ ಮುಂದೆ ಸಾಗಿದರೆ ಹತ್ತಿರ ಹತ್ತಿರ ಒಂದಡಿ ಮೇಲೇರಬೇಕು.

ಅಲ್ಲಿ ಸ್ವಿಟ್ಜರ್ಲೆಂಡಿನ ಯಂತ್ರಶಿಲ್ಪಿ ರೋಮನ್ ಆಬ್ಟನ ಉಪಾಯವನ್ನು ಬಳಸಿದರು. ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಯಾಗಿ ಹಾಸಿರುವರು. ಒಂದರ ಹಲ್ಲಿಗೆ ಎದುರಾಗಿ ಇನ್ನೊಂದರ ಸಂದು ಬರುವುದು. ಎಂಜಿನ್ನಿನ ಅಡಿಯಲ್ಲಿರುವ ಹಲ್ಲುಗಾಲಿಗಳು ಇವುಗಳನ್ನು ಕಚ್ಚಿ ಏರುವುವು. ಬೀಸುಕಲ್ಲಿಗೆ ಕುಳಿತ ಇಬ್ಬರಲ್ಲಿ ಒಬ್ಬಳ ಕೈ ಸಡಿಲಿದಾಗ ಇನ್ನೊಬ್ಬಳ ಕೈ ಬಿಗಿಯಾಗಿರುವಂತೆ, ಇಲ್ಲಿಯೂ ಒಂದು ಹಲ್ಲು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುವುದು. ಗಾಲಿಗಳನ್ನು ದೂಡಿ ಬಂದ ಉಗಿಯನ್ನೇ ಮತ್ತೊಂದು ಜೊತೆ ಸಿಲಿಂಡರುಗಳಿಗೆ ಹರಿಸಿ ಈ ಹಲ್ಲುಗಾಲಿಗಳನ್ನು ತಿರುಗಿಸುವರು. ಈ ಮಿತವ್ಯಯವನ್ನು ನಮ್ಮ ಗೃಹಿಣಿಯರು ಮೆಚ್ಚದಿರಲಾರರು!

ಇಷ್ಟಾದರೂ ಜೀವರಕ್ಷಣೆಯ ಪ್ರಶ್ನೆಯು ಉಳಿಯುವುದು. ಎಂಜಿನ್ನು ಮುಂದೆ ನಿಂತು ಎಳೆಯುತ್ತಿರುವಾಗ ಕೊಂಡಿ ಕಳಚಿದರೆ ಗಾಡಿಗಳು ಹಿಮ್ಮುಖವಾಗಿ ಕಣಿವೆಗೆ ಓಡಿಯಾವು. ಆದುದರಿಂದ ಎಂಜಿನ್ನನ್ನು ಯಾವಾಗಲೂ ಇಳಿಜಾರಿನ ಕಡೆಗೇ ಇರಿಸಿರುವರು. ಅದು ಏರುವಾಗ ಹಿಂದಿನಿಂದ ನೂಕುವುದು, ಇಳಿಯುವಾಗ ಮುಂದೆ ನಿಂತು ತಡೆಯುವುದು. ಹೀಗೆ ನೂಕುವ ಚಾಲಕನಿಗೆ ಮುಂದಿನ ಹಾದಿ ಕಾಣದು. ಅವನಿಗೆ ಕಣ್ಣಾಗುವವನು ಮೊದಲ ಗಾಡಿಯ ತುದಿಯಲ್ಲಿ ಬಾವುಟ ಹಿಡಿದು ನಿಂತ ಬ್ರೇಕಿನವನು. ಉಳಿದ ಗಾಡಿಗಳಲ್ಲಿಯೂ ಒಬ್ಬೊಬ್ಬನು ಬ್ರೇಕಿನ ಬಳಿ ಇರುವನು. ಹಲ್ಲುಪಟ್ಟಿಯ ಮೇಲೆ ಗಂಟೆಗೆ ೧೩ ಕಿಲೋಮೀಟರು ವೇಗವನ್ನು ಮೀರುವಂತಿಲ್ಲ. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕೂನೂರಿನಾಚೆ ಏರು ತಗ್ಗುವುದರಿಂದ ಹಲ್ಲುಪಟ್ಟಿ ಇಲ್ಲ. ಆ ದಾರಿಯಲ್ಲಿ ಕೇತಿ ಎಂಬ ನಿಲ್ದಾಣವಿರುವುದು. ಬಾಸೆಲ್ ಮಿಷನ್ನಿನವರು ೧೮೪೬ರಲ್ಲಿ ಬಡಗರ ನಡುವೆ ಸೇವೆಗೆ ತೊಡಗಿದ ಸ್ಥಳವಿದು. ಬಡಗರ ನುಡಿ ಕನ್ನಡಕ್ಕೆ ಬಹು ಹತ್ತಿರದ್ದು. ನಮ್ಮ ಹಳೆಯ ವಿದ್ಯಾರ್ಥಿನಿಯರು ಅಲ್ಲಿ ಕಿಟಕಿಯ ಬಳಿ ಕಿವಿಗೊಟ್ಟು ಕುಳಿತರೆ ಪರಿಚಿತವಾದ ಹಲವು ಮಾತುಗಳು ಕೇಳಿಬಂದಾವು.