ಭಾನುವಾರದ ತಂಡ ಚದುರಿದ ಮೇಲೆ

ಪ್ರಶ್ನೆ: ಮೇಡಂ, ನನಗೆ 57 ವರ್ಷ. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತ ಬೆಳೆದವನು. 1991ರಲ್ಲಿ ಕೇಂದ್ರ ಸರಕಾರದ ಗುಮಾಸ್ತನಾಗಿ ದೆಹಲಿಗೆ ಬಂದಾಗ ಹಿಂದಿ ಬರುತ್ತಿರಲಿಲ್ಲ, ಪರಿಚಯದವರೂ ಇರಲಿಲ್ಲ. ನೇತಾಜಿ ನಗರದ ಕ್ವಾರ್ಟರ್ಸ್ ಪಕ್ಕದ ಮೈದಾನದಲ್ಲಿ ಒಂದು ಭಾನುವಾರ ಆಡುತ್ತಿದ್ದವರಿಗೆ ಒಬ್ಬ ಕಡಿಮೆ ಬಿದ್ದಿದ್ದ. ‘ಖೇಲೋಗೆ?’ ಎಂದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಸ್ಟಾಪರ್ ಬ್ಯಾಕ್ ಆಗಿ ಆಡಿದೆ. ಗೋಲಿ, ಅಂದರೆ ಗೋಲ್‌ಕೀಪರ್, ಅಂಚೆ ಇಲಾಖೆಯ ಗಢವಾಲಿ. ವಿಂಗ್‌ನಲ್ಲಿ ಮುನಿರ್ಕಾದಲ್ಲಿ ರೂಮು ಮಾಡಿಕೊಂಡಿದ್ದ ಇಬ್ಬರು ಮಣಿಪುರಿ ಹುಡುಗರು. ಕಾಲೊನಿಯ ಇಸ್ತ್ರಿಯವರ ಮಗ ನಮ್ಮ ರೈಟ್ ಬ್ಯಾಕ್. ಮೋತಿ ಬಾಗ್, ಲಕ್ಷ್ಮೀಬಾಯಿ ನಗರ, ಆರ್.ಕೆ. ಪುರಂ ತಂಡಗಳ ಜೊತೆ ಪಂದ್ಯ. ಮುಗಿದ ಮೇಲೆ ಚಹಾ, ಬ್ರೆಡ್ ಪಕೋಡ. 2007ರ ನೆಹರೂ ಕಪ್ ಫೈನಲ್‌ಗೆ ಕಚೇರಿಯಿಂದ ನೇರವಾಗಿ ಅಂಬೇಡ್ಕರ್ ಸ್ಟೇಡಿಯಮ್ಮಿಗೆ ಹೋಗಿ, ಭಾರತದ ಪ್ರದೀಪ್ ಹೊಡೆದ ಗೋಲಿಗೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗಿದ್ದೆವು.

ಈಗ ಆ ಕ್ವಾರ್ಟರ್ಸೂ ಇಲ್ಲ, ಮೈದಾನವೂ ಇಲ್ಲ. ನಾನು ದ್ವಾರಕಾದ ಫ್ಲ್ಯಾಟಿಗೆ ಬಂದಿದ್ದೇನೆ. ಮೊಣಕಾಲು ನೋವು ಬಂದು ಆಟ ಬಿಟ್ಟೆ. ಭಾನುವಾರ ಮಾತ್ರ ಇಂದಿಗೂ ಐದೂವರೆಗೇ ಎಚ್ಚರವಾಗುತ್ತದೆ. ಮಧ್ಯಾಹ್ನದವರೆಗೆ ಯಾರ ಜೊತೆಗೂ ಮಾತು ಬೇಡವೆನಿಸುತ್ತದೆ. ಮನೆಯವಳು ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗುತ್ತಾಳೆ. ಒಳ್ಳೆಯದೇ, ಆದರೆ ಮನಸ್ಸು ನಿಲ್ಲುವುದಿಲ್ಲ. 2023ರಲ್ಲಿ ನಮ್ಮ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದ ರಾತ್ರಿ ಫೋನ್ ಹಿಡಿದು ಕೂತೆ. ಯಾರಿಗೆ ಹೇಳಲಿ ಎಂದು ತಿಳಿಯಲಿಲ್ಲ.

ಕಳೆದ ವರ್ಷ ನಮ್ಮ ಗೋಲಿ ತೀರಿಕೊಂಡ ಸುದ್ದಿ ಎಂಟು ತಿಂಗಳು ತಡವಾಗಿ ಕಿವಿಗೆ ಬಿತ್ತು. ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ‘ಒಂದು ಸಲವೂ ಮನೆಗೆ ಬಾರದ ಮನುಷ್ಯನಿಗೆ ಇಷ್ಟು ಅಳುವುದೇ?’ ಎಂದಳು ಮನೆಯವಳು. ಮಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾನೆ. ರಾತ್ರಿ ಗೆಳೆಯರ ಜೊತೆ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಬಲೆ ಕಟ್ಟಿದ ಟರ್ಫ್‌ನಲ್ಲಿ ಐದೈದು ಜನ ಆಡುತ್ತಾರೆ. ‘ಅದೂ ಒಂದು ಫುಟ್‌ಬಾಲೇ?’ ಎಂದೆ; ಅಂದಿನಿಂದ ನನ್ನೆದುರು ಅದರ ಮಾತೇ ಎತ್ತುವುದಿಲ್ಲ. ಇದು ಖಿನ್ನತೆಯೇ? ನಾನು ಮತ್ತೆ ಆಡಬಹುದೇ?
— ಹೆಸರು ಬೇಡ, ದ್ವಾರಕಾ

ಉತ್ತರ: ಮಿತ್ರರೇ, ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಗೋಲಿಯ ಮಾತನ್ನು. ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ ಎರಡು ಪ್ರಶ್ನೆಗಳು ಆಮೇಲೆ.

ನೀವು ಸ್ಟಾಪರ್, ಅವರು ಗೋಲಿ. ಅಂದರೆ ಅಷ್ಟೂ ವರ್ಷ ಅವರು ನಿಮ್ಮ ಬೆನ್ನ ಹಿಂದೆ ಇದ್ದರು. ಚೆಂಡನ್ನು ಅವರಿಗೆ ಬಿಡಬೇಕೋ ನೀವೇ ಹೊಡೆದು ಹೊರಗಟ್ಟಬೇಕೋ ಎಂಬುದನ್ನು ತಿರುಗಿ ನೋಡದೆ, ಅವರ ಕೂಗು ಕೇಳಿಯೇ ತೀರ್ಮಾನಿಸುತ್ತಿದ್ದಿರಿ. ಕಾರ್ನರ್ ಬಂದಾಗ ಅವರು ಮುಂದೆ ನುಗ್ಗುವವರೋ ಗೆರೆಯ ಮೇಲೆ ನಿಲ್ಲುವವರೋ, ಕೈಯಿಂದ ಚೆಂಡು ಜಾರಿ ಗೋಲಾದರೆ ಮುಂದಿನ ಹತ್ತು ನಿಮಿಷ ಹೇಗಿರುತ್ತಿದ್ದರು, ಸೋತ ದಿನ ಯಾರ ಹೆಗಲ ಮೇಲೆ ಕೈ ಹಾಕುತ್ತಿದ್ದರು, ಇವೆಲ್ಲ ನಿಮಗೆ ಗೊತ್ತು. ಅವರಿಗೆ ಎಷ್ಟು ಮಕ್ಕಳು ಎಂಬುದು ಬಹುಶಃ ಗೊತ್ತಿಲ್ಲ. ಮನೆಗೆ ಬಂದು ಊಟ ಮಾಡಿ ಹೋದ ಎಷ್ಟೋ ಬಂಧುಗಳನ್ನು ನಾವು ಇಷ್ಟು ಹತ್ತಿರದಿಂದ ಅರಿತಿರುವುದಿಲ್ಲ. ನೀವು ಅತ್ತದ್ದು ಅತಿಯಲ್ಲ. ಅಳಬೇಕಾದದ್ದೇ.

ಬಂಧುವೊಬ್ಬರು ಹೋದರೆ ಯಾರಿಗೆ ಫೋನ್ ಮಾಡಬೇಕು, ಯಾವ ದಿನ ಹೋಗಬೇಕು, ಏನು ಹೇಳಬೇಕು ಎಂಬುದಕ್ಕೆಲ್ಲ ನಮ್ಮಲ್ಲಿ ರೂಢಿಯಿದೆ. ವಾರಕ್ಕೊಮ್ಮೆ ಜೊತೆಗೆ ಆಡಿದವನು ಹೋದರೆ ಯಾವ ರೂಢಿಯೂ ಇಲ್ಲ. ನಿಮಗೆ ಸುದ್ದಿ ಎಂಟು ತಿಂಗಳು ತಡವಾದದ್ದು ಅದರಿಂದಲೇ. ತಡವಾಗಿ ತಿಳಿದ ಸಾವಿನ ದುಃಖವನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಒಬ್ಬರೇ ಹೊತ್ತುಕೊಂಡು ತಿರುಗುತ್ತಿದ್ದೀರಿ. ನಿಮ್ಮ ಭಾನುವಾರದ ಭಾರದಲ್ಲಿ ಅರ್ಧ ಪಾಲು ಇದೇ ಎಂದು ನನಗನ್ನಿಸುತ್ತದೆ.

ಉಳಿದರ್ಧ ಆ ಮೈದಾನದ್ದು. ನೇತಾಜಿ ನಗರ, ಸರೋಜಿನಿ ನಗರ, ನೌರೋಜಿ ನಗರ ಸೇರಿ ಏಳು ಸರಕಾರಿ ಕಾಲೊನಿಗಳನ್ನು ಕೆಡವಿ ಕಟ್ಟಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಅಲ್ಲಿನ ಮರಗಳನ್ನು ಉಳಿಸಲು ಜನ ಬೀದಿಗಿಳಿದರು. ಆ ಮರಗಳ ಪಕ್ಕದಲ್ಲಿ ಇಟ್ಟಿಗೆಯಿಟ್ಟು ಗೋಲುಕಂಬ ಮಾಡಿಕೊಂಡು ಆಡುತ್ತಿದ್ದವರ ಪರವಾಗಿ ಯಾರೂ ಬೀದಿಗಿಳಿಯಲಿಲ್ಲ. ಅಷ್ಟರಲ್ಲಿ ಅವರೂ ವರ್ಗವಾಗಿ, ನಿವೃತ್ತರಾಗಿ ದ್ವಾರಕಾಗೋ ನೋಯ್ಡಾಗೋ ಊರಿಗೋ ಹೊರಟುಹೋಗಿದ್ದರು. ಅದೇ ವರ್ಷಗಳಲ್ಲಿ ಡ್ಯೂರಾಂಡ್ ಕಪ್ ಕೂಡ ದೆಹಲಿ ಬಿಟ್ಟಿತು. 1888ರಲ್ಲಿ ಶಿಮ್ಲಾದಲ್ಲಿ ಹುಟ್ಟಿ, 1940ರಲ್ಲಿ ದೆಹಲಿಗೆ ಇಳಿದು ಬಂದು ಇಲ್ಲಿಯದೇ ಆಗಿಹೋಗಿದ್ದ ಪಂದ್ಯಾವಳಿ 2019ರಿಂದ ಕೋಲ್ಕತಾ ಸೇರಿದೆ. ಆದ್ದರಿಂದ ‘ನನಗೊಬ್ಬನಿಗೆ ಏನೋ ಆಗಿದೆ’ ಎಂದುಕೊಳ್ಳಬೇಡಿ. ನೀವು ಆಡಿದ ದೆಹಲಿಯೇ ಜಾಗ ಬದಲಿಸಿದೆ.

ಆ ದೆಹಲಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಈ ಊರಿನ ಫುಟ್‌ಬಾಲನ್ನು ಹೊತ್ತವರಲ್ಲಿ ಹೊಟ್ಟೆಪಾಡಿಗೆ ಹೊರಗಿನಿಂದ ಬಂದವರ ಪಾಲು ದೊಡ್ಡದು. 1953ರಲ್ಲಿ ಗಢವಾಲಿಗಳು ತಮ್ಮದೇ ಗಢವಾಲ್ ಹೀರೋಸ್ ಕಟ್ಟಿಕೊಂಡರು. ಸಿಮ್ಲಾ ಯಂಗ್ಸ್ ಎಂಬ ಹೆಸರೇ ಆ ತಂಡ ಯಾವ ಬೆಟ್ಟದ ನೆನಪು ಹೊತ್ತಿದೆ ಎಂದು ಹೇಳುತ್ತದೆ. ಭಾಷೆ ಬಾರದ ಊರಿನಲ್ಲಿ ಸಂಬಳದ ಹೊರಗೆ ಒಂದು ಜಾಗ ಬೇಕಿದ್ದವರು ಹೀಗೆ ಸೇರುತ್ತಿದ್ದರು. ನಿಮ್ಮ ಸಣ್ಣ ತಂಡವೂ ಅದೇ ವಂಶದ್ದು, ಹೆಸರು ಯಾವ ದಾಖಲೆಯಲ್ಲೂ ಇಲ್ಲದಿರಬಹುದು. ಕರ್ನಾಟಕ ಸಂಘದಲ್ಲಿ ನಿಮ್ಮ ಮನಸ್ಸು ನಿಲ್ಲದಿರುವುದಕ್ಕೂ ಇದೇ ಕಾರಣವಿರಬೇಕು. ಅಲ್ಲಿ ನಿಮಗೆ ಊರು ಸಿಗುತ್ತದೆ. ಮೈದಾನದಲ್ಲಿ ಸಿಕ್ಕಿದ್ದು ದೆಹಲಿ. ಹಿಂದಿ ಬಾರದ ಹುಡುಗನಿಗೆ ‘ಛೋಡ್’, ‘ಪೀಛೇ ದೇಖ್’, ‘ಮೇರಾ ಹೈ’ ಎಂಬ ಮೂರು ಮಾತಿನಲ್ಲಿ ಈ ಊರು ಒಲಿಯಿತು. ಸಂಘಕ್ಕೆ ಹೋಗುವುದನ್ನು ಬಿಡಬೇಡಿ. ಆದರೆ ಅಲ್ಲಿ ಇದನ್ನು ಹುಡುಕಬೇಡಿ.

ಸಂತೋಷ್ ಟ್ರೋಫಿಯ ರಾತ್ರಿಯ ವಿಷಯ ಓದಿ ನನಗೂ ಸಂಕಟವಾಯಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ತಂದ ಕಪ್ ಅದು. ಆಸ್ಟಿನ್ ಟೌನ್‌ನಲ್ಲಿ ಬೆಳೆದವರಿಗೆ ಅದರ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಸಂತೋಷವನ್ನು ಅರ್ಥ ಮಾಡಿಕೊಳ್ಳಬಲ್ಲ ಒಂಬತ್ತು ಹತ್ತು ಜನ ಈ ಊರಿನ ಸುತ್ತಮುತ್ತಲೇ ಇದ್ದರು, ಅವರ ನಂಬರ್ ನಿಮ್ಮ ಬಳಿ ಇರಲಿಲ್ಲ, ಅಷ್ಟೇ. ಇದು ಸರಿಪಡಿಸಬಹುದಾದ ಕೊರತೆ.

ಹಾಗಾಗಿ ಮೊದಲ ಕೆಲಸ ಅವರನ್ನು ಹುಡುಕುವುದು. ಗೋಲಿಯ ಸಾವಿನ ಸುದ್ದಿ ತಂದವರಿಂದಲೇ ಆರಂಭಿಸಿ. ಅಂಚೆ ಇಲಾಖೆಯಲ್ಲಿ ಗೋಲಿಯ ಜೊತೆ ಕೆಲಸ ಮಾಡಿದವರು ಮನೆಯ ವಿಳಾಸ ಹೇಳುತ್ತಾರೆ. ಇಸ್ತ್ರಿಯವರ ಮಗ ಎಲ್ಲಿಗೆ ಹೋದ ಎಂಬುದು ಹಳೆಯ ಕಾಲೊನಿಯವರಲ್ಲಿ ಒಬ್ಬರಿಗಾದರೂ ತಿಳಿದಿರುತ್ತದೆ. ದಯವಿಟ್ಟು ಅವನನ್ನು ಕೊನೆಗೆ ಬಿಡಬೇಡಿ. ಸರಕಾರಿ ನೌಕರರಿಗೆ ಪಿಂಚಣಿ, ವಾಟ್ಸ್ಆ್ಯಪ್ ಗುಂಪು, ವಿಳಾಸ ಎಲ್ಲ ಇರುತ್ತವೆ. ಕ್ವಾರ್ಟರ್ಸ್ ಒಡೆದಾಗ ಗುರುತಿಲ್ಲದೆ ಚದುರಿದವರು ಅವನಂಥ ಮನೆಯವರು. ಐದಾರು ಜನ ಸಿಕ್ಕರೆ ಸಾಕು, ದೆಹಲಿ ಗೇಟ್ ಬಳಿಯ ಅಂಬೇಡ್ಕರ್ ಸ್ಟೇಡಿಯಮ್ಮಿನಲ್ಲಿ ಸ್ಥಳೀಯ ಪಂದ್ಯ ಇರುವ ದಿನ ನೋಡಿ ಸೇರಿ. ಮೊದಲ ಭೇಟಿಗೆ ಹೋಟೆಲ್ ಬೇಡ. ಎದುರುಬದುರು ಕೂತು ‘ಮತ್ತೇನು ಸಮಾಚಾರ’ ಎನ್ನುವುದು ನಿಮ್ಮಂಥ ತಂಡಕ್ಕೆ ಒಗ್ಗುವುದಿಲ್ಲ. ಅಕ್ಕಪಕ್ಕ ಕೂತು ಪಂದ್ಯ ನೋಡುತ್ತಿದ್ದರೆ ಮಾತು ತಾನಾಗಿ ಹೊರಡುತ್ತದೆ.

ಗೋಲಿಯ ಮನೆಗೂ ಹೋಗಿ. ಇಷ್ಟು ತಿಂಗಳಾಗಿದೆ, ಈಗ ಹೋದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಮೊದಲ ವಾರಗಳಲ್ಲಿ ಎಲ್ಲರೂ ಬಂದು ಹೋಗಿರುತ್ತಾರೆ, ಆಮೇಲೆ ಯಾರೂ ಬರುವುದಿಲ್ಲ. ಅವರ ಮಕ್ಕಳಿಗೆ ಅಪ್ಪ ಭಾನುವಾರ ಬೆಳಿಗ್ಗೆ ಎಲ್ಲಿಗೋ ಹೋಗಿ ಕೆಸರು ಮೆತ್ತಿಕೊಂಡು ಬರುತ್ತಿದ್ದರು ಎಂಬುದಷ್ಟೇ ಗೊತ್ತು. ಅಲ್ಲಿ ಏನು ಮಾಡುತ್ತಿದ್ದರು, ಎಂಥ ಚೆಂಡು ಹಿಡಿದರು ಎಂಬುದನ್ನು ಹೇಳಬಲ್ಲವರು ನೀವು.

ಈಗ ನಿಮ್ಮ ಮನೆಯವರ ಮಾತು. ‘ಒಂದು ಸಲವೂ ಮನೆಗೆ ಬಾರದ ಮನುಷ್ಯ’ ಎಂಬುದನ್ನು ನೀವು ಚುಚ್ಚುಮಾತು ಎಂದು ಕೇಳಿಸಿಕೊಂಡಿದ್ದೀರಿ. ನನಗೆ ಅದರಲ್ಲಿ ಬೇರೆಯದೂ ಕೇಳಿಸಿತು. ಇಪ್ಪತ್ತು ವರ್ಷದ ಭಾನುವಾರಗಳಲ್ಲಿ ಮಗುವಿನ ಜೊತೆ ಮನೆಯಲ್ಲಿದ್ದವರು ಅವರು. ಡಿಸೆಂಬರಿನ ಚಳಿಯಲ್ಲಿ ಕೆಸರು ಅಂಟಿದ ಜರ್ಸಿ ತೊಳೆದವರೂ ಅವರೇ ಇರಬೇಕು. ನಿಮ್ಮ ಬದುಕಿನ ಅತ್ಯಂತ ಸಂತೋಷದ ಭಾಗಕ್ಕೆ ಅವರಿಗೆ ಬಾಗಿಲೇ ಇರಲಿಲ್ಲ, ಈಗ ಅದರ ದುಃಖದಲ್ಲಿ ಮಾತ್ರ ಪಾಲು ಸಿಕ್ಕಿದೆ. ಆ ವರ್ಷಗಳು ಅವರಿಗೆ ಹೇಗಿದ್ದವು ಎಂದು ಒಮ್ಮೆ ಕೇಳಿ, ಉತ್ತರ ಎಷ್ಟು ಉದ್ದವಾದರೂ ಮಧ್ಯೆ ಬಾಯಿ ಹಾಕಬೇಡಿ. ಗೋಲಿಯ ಮನೆಗೆ ಹೋಗುವಾಗ ಅವರನ್ನೂ ಕರೆಯಿರಿ.

ಮಗನ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ನಿಮ್ಮ ಮಗ ಫುಟ್‌ಬಾಲ್ ಆಡುತ್ತಾನೆ! ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ರಾತ್ರಿ ಗೆಳೆಯರ ಜೊತೆ ದುಡ್ಡು ಹಂಚಿಕೊಂಡು ಒಂದು ಗಂಟೆ ಜಾಗ ಹಿಡಿದು ಆಡುತ್ತಾನೆ. ಗುರುಗ್ರಾಮದಲ್ಲಿ ಅವನಿಗೆ ಸಿಕ್ಕ ನೇತಾಜಿ ನಗರ ಅದೇ. ಅಲ್ಲಿ ಅವನು ಕಳೆದುಕೊಂಡಿರುವುದೂ ಇದೆ: ದುಡ್ಡಿಲ್ಲದ ಇಸ್ತ್ರಿಯವರ ಮಗ ಆ ಬಲೆಯೊಳಗೆ ಬರಲಾರ, ದಾರಿಹೋಕನನ್ನು ‘ಖೇಲೋಗೆ?’ ಎಂದು ಕರೆಯುವಂತಿಲ್ಲ. ಅದು ಈ ಊರಿನ ತಪ್ಪು, ಹುಡುಗನದಲ್ಲ. ನೀವು ಇಂದು ನೆನೆಯುತ್ತಿರುವ ಆಟದಲ್ಲೂ ರೆಫ್ರಿ ಜೊತೆ ಕೈಕೈ ಮಿಲಾಯಿಸಿದ ದಿನಗಳು, ಎಂಟ್ರಿ ಫೀಸಿಗೆ ದುಡ್ಡು ಕೊಡದೆ ತಪ್ಪಿಸಿಕೊಂಡವರು, ಮಂಜಿನಲ್ಲಿ ಚೆಂಡೇ ಕಾಣದ ಬೆಳಗುಗಳು ಇದ್ದೇ ಇರುತ್ತವೆ. ಕಾಲ ಅವನ್ನೆಲ್ಲ ಸೋಸಿಬಿಟ್ಟಿದೆ. ಸೋಸಿ ಉಳಿದದ್ದನ್ನು ಹಿಡಿದು ಮಗನ ಇಂದಿನ ಆಟವನ್ನು ಅಳೆಯಬೇಡಿ. ‘ನಿಮ್ಮ ಗೋಲಿ ಯಾರು? ಹೇಗೆ ಆಡುತ್ತಾನೆ?’ ಎಂದು ಕೇಳಿ. ಅವನು ಒಪ್ಪಿದರೆ ಒಂದು ರಾತ್ರಿ ಹೋಗಿ ನೋಡಿ. ನೋಡುವಾಗ ಸಲಹೆ ಕೂಗಬೇಡಿ. ಮಾತಿಗೆ ವಿಷಯ ಬೇಕಿದ್ದರೆ ಇದಿದೆ: ಫುಟ್‌ಬಾಲ್ ಆಟಗಾರ ಸುನಿಲ್ ಛೆತ್ರಿ ದೆಹಲಿಯ ಸಿಟಿ ಕ್ಲಬ್ಬಿನಲ್ಲಿ ಆಡಿ, 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ನಿಮ್ಮ ಊರಿನವರೇ ಆಗಿಹೋದರು. ಬೆಂಗಳೂರಿನ ನೀವು ದೆಹಲಿಯವರಾದಿರಿ. ಅಪ್ಪ ಮಗ ಇಬ್ಬರೂ ಕೂತು ಮಾತಾಡಲು ಇಷ್ಟು ಸಾಕು.

ಖಿನ್ನತೆಯೇ ಎಂದು ಕೇಳಿದ್ದೀರಿ. ವಾರದ ಒಂದು ಬೆಳಿಗ್ಗೆ ಮಂಕಾಗಿ, ಉಳಿದ ದಿನ ಕೆಲಸ, ಊಟ, ನಿದ್ದೆ ಸರಿಯಿದ್ದರೆ ಇದು ವಿರಹವೇ ಹೊರತು ರೋಗವಲ್ಲ ಎಂದು ನನ್ನ ಅಂದಾಜು. ಆದರೆ ಎರಡು ವಾರಕ್ಕೂ ಹೆಚ್ಚು ಪ್ರತಿದಿನ ಇದೇ ಮಂಕು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಬದುಕು ಸಾಕೆನಿಸುವುದು ಕಂಡರೆ ತಡಮಾಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನಿವೃತ್ತಿ ಹತ್ತಿರ ಬರುತ್ತಿದೆ ಎಂಬುದನ್ನೂ ನೆನಪಿನಲ್ಲಿಡಿ. ಕಚೇರಿಯೂ ನಿಂತ ಮೇಲೆ ವಾರದ ಏಳು ದಿನವೂ ಭಾನುವಾರವಾಗದಂತೆ ಈಗಲೇ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಮತ್ತೆ ಆಡಬಹುದೇ? ವೈದ್ಯರನ್ನು ಕೇಳದೆ ಬೇಡ. ಸಿಜಿಎಚ್‌ಎಸ್ ಕಾರ್ಡ್ ಇದೆಯಲ್ಲ, ಮೊಣಕಾಲನ್ನು ಮೂಳೆ ವೈದ್ಯರಿಗೆ ತೋರಿಸಿ, ಹೃದಯದ ಪರೀಕ್ಷೆಯನ್ನೂ ಮಾಡಿಸಿ. ಮಗ ಆಡುವಂಥ ಟರ್ಫಿನ ಕೃತಕ ಹುಲ್ಲು ಬೂಟನ್ನು ಕಚ್ಚಿ ಹಿಡಿಯುತ್ತದೆ. ಹಳೆಯ ಮೊಣಕಾಲು ಅಲ್ಲಿ ಗಕ್ಕನೆ ತಿರುಗಿದರೆ ಕಷ್ಟ. ಬೇರೆ ದಾರಿಯೂ ಇದೆ. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ 2011ರಲ್ಲಿ ಐವತ್ತು ದಾಟಿದವರಿಗೆಂದೇ ನಡೆದುಕೊಂಡು ಆಡುವ ಫುಟ್‌ಬಾಲ್ ಶುರು ಮಾಡಿದರು. ಓಡುವಂತಿಲ್ಲ, ಮೈಮೇಲೆ ಬೀಳುವಂತಿಲ್ಲ, ಓಡಿದರೆ ಎದುರಾಳಿಗೆ ಫ್ರೀಕಿಕ್. ಸ್ಟಾಪರ್ ಆಗಿದ್ದವರಿಗೆ ಇದು ಹೇಳಿ ಮಾಡಿಸಿದ ಆಟ, ಏಕೆಂದರೆ ಎಲ್ಲಿ ನಿಲ್ಲಬೇಕು ಎಂಬ ಅರಿವು ಕಾಲಿಗಿಂತ ಹೆಚ್ಚು ಕಾಲ ಬಾಳುತ್ತದೆ. ಸಿಕ್ಕ ಐದಾರು ಜನ ಸೇರಿ ದ್ವಾರಕಾದ ಯಾವುದಾದರೂ ಮೈದಾನದಲ್ಲಿ ಹೀಗೆ ಆಡಿ. ಒಬ್ಬ ಕಡಿಮೆ ಬಿದ್ದರೆ ಬೇಲಿಯಾಚೆ ನೋಡುತ್ತ ನಿಂತವರನ್ನು ಕರೆಯಿರಿ. ವೈದ್ಯರು ಅದೂ ಬೇಡವೆಂದರೆ ಅಲ್ಲಿ ಆಡುವ ಮಕ್ಕಳಿಗೆ ವಿಸಿಲ್ ಹಿಡಿದು ರೆಫ್ರಿಯಾಗಿ ನಿಲ್ಲಿ. ಭಾನುವಾರದ ಆಟಕ್ಕೆ ಒಳ್ಳೆಯ ರೆಫ್ರಿ ಸಿಗುವುದು ಎಷ್ಟು ಕಷ್ಟವೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು?

ನವೆಂಬರ್‌ನಿಂದ ಜನವರಿವರೆಗೆ ಬೆಳಗಿನ ಹೊತ್ತು ಆಡುವುದು ಬೇಡ, ಆಗ ಇಲ್ಲಿಯ ಗಾಳಿ ಕೆಟ್ಟಿರುತ್ತದೆ. ಓಡಾಡುವಾಗ ನಾವು ಕೂತಿರುವಾಗಿನದಕ್ಕಿಂತ ಹಲವು ಪಟ್ಟು ಗಾಳಿ ಒಳಗೆಳೆಯುತ್ತೇವೆ. ಗಾಳಿಯ ಗುಣಮಟ್ಟದ ಸೂಚ್ಯಂಕ 300 ದಾಟಿದ ದಿನ ಮನೆಯಲ್ಲೇ ಇರಿ. ಫೆಬ್ರುವರಿಯಲ್ಲಿ ಶುರು ಮಾಡಿ. ಅಷ್ಟರೊಳಗೆ ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಫೋನ್ ನಂಬರ್‌ಗಳನ್ನು ಕೂಡಿಸಿಕೊಳ್ಳಿ. ಯಾರ್‍ಯಾರು ಸಿಕ್ಕರು ಎಂದು ನನಗೂ ಬರೆಯಿರಿ.