ವಿದ್ಯುತ್ ಶೋಧಕದ ಆಯ್ಕೆ

ವಿದ್ಯುತ್ ದುರಸ್ತಿಗಾರನ ಜೇಬಿನಲ್ಲಿ ಸಾಮಾನ್ಯವಾಗಿ ಕಾಣುವ ಸಾಧನವೆಂದರೆ ನಿಯಾನ್ ಟೆಸ್ಟರು. ಇದರ ಹಿಡಿಯೊಳಗೆ ಒಂದು ಪುಟ್ಟ ನಿಯಾನ್ ದೀಪವೂ ಬಲವಾದ ರೋಧಕವೂ ಇರುತ್ತವೆ. ಮೊನೆಯನ್ನು ಫೇಸ್ ತಂತಿಗೆ ತಾಗಿಸಿ ತಲೆಯ ಲೋಹಕ್ಕೆ ಬೆರಳಿಟ್ಟಾಗ ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ ಪ್ರವಾಹವು ದೇಹದ ಮೂಲಕ ನೆಲವನ್ನು ಸೇರಿ ದೀಪವು ಬೆಳಗುವುದು. ಅಗ್ಗದ ಸಾಧನವೇನೋ ಹೌದು. ಆದರೆ ಪರೀಕ್ಷಿಸುವವನ ದೇಹವೇ ಇಲ್ಲಿ ಮಂಡಲದ ಒಂದು ಭಾಗ! ಒಣ ಮರದ ಏಣಿಯ ಮೇಲೆ ನಿಂತವನಿಗೆ ಅದು ಮಂಕಾಗಿ ಉರಿದೀತು; ಬಿಸಿಲಿನಲ್ಲಿ ಉರಿದರೂ ಕಾಣದೆ ಹೋದೀತು. ಆದುದರಿಂದ ದೀಪವು ಬೆಳಗಲಿಲ್ಲವೆಂದ ಮಾತ್ರಕ್ಕೆ ತಂತಿಯು ನಿರ್ಜೀವವೆಂದು ನಂಬಲಾಗದು.

ತಂತಿಯನ್ನು ಮುಟ್ಟದೆಯೇ ಸದ್ದು ಮಾಡುವ ಪೆನ್ನಿನಾಕಾರದ ಶೋಧಕವು ಏಕಮುಖ ಪ್ರವಾಹವನ್ನು ಅರಿಯದು. ಸೌರಫಲಕದ ತಂತಿಗಳ ಬಳಿ ಅದು ಮೌನವಾಗಿಯೇ ಇರುವುದು.

ಸುರಕ್ಷತೆಯ ದೃಷ್ಟಿಯಿಂದ ಆಯ್ಕೆಗೆ ಅರ್ಹವಾದುದು ಎರಡು ಮೊನೆಗಳ ಶೋಧಕ. ಅದು ಎರಡು ಬಿಂದುಗಳ ನಡುವಣ ವಿಭವಾಂತರವನ್ನೇ ತೋರಿಸುತ್ತದೆ. ಐಇಸಿ 61243-3 ಮಾನಕದ ಉಲ್ಲೇಖವನ್ನೂ, ವಿತರಣಾ ಫಲಕದ ಕೆಲಸಕ್ಕಾದರೆ ಕ್ಯಾಟ್ 3 ಎಂಬ ಗುರುತನ್ನೂ ಅದರ ಮೇಲೆ ನೋಡಿಕೊಳ್ಳಬೇಕು. ಹೋಲ್ಡರಿಗೆ ಬಲ್ಬು ಸಿಕ್ಕಿಸಿದ ಟೆಸ್ಟ್ ಲ್ಯಾಂಪು ಇದಕ್ಕೆ ಬದಲಿಯಲ್ಲ. 230 ವೋಲ್ಟಿನ ಬಲ್ಬನ್ನು ಎರಡು ಫೇಸುಗಳ ನಡುವಣ 400 ವೋಲ್ಟಿಗೆ ಒಡ್ಡಿದರೆ ಅದು ಕೈಯಲ್ಲೇ ಸಿಡಿಯಬಹುದು.

ಶೋಧಕವನ್ನು ಮೊದಲು ವಿದ್ಯುತ್ತಿರುವುದು ಖಚಿತವಾದ ಕಡೆ ಪರೀಕ್ಷಿಸಿ, ಬಳಿಕ ಕೆಲಸದ ತಂತಿಗಳಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಭೂಮಿ, ನ್ಯೂಟ್ರಲ್–ಭೂಮಿ ಎಂದು ಮೂರು ಬಗೆಯಾಗಿ ನೋಡಿ, ಪುನಃ ಮೊದಲಿನ ಕಡೆಯೇ ಪರೀಕ್ಷಿಸತಕ್ಕದ್ದು. ಇನ್ವರ್ಟರ್ ಇರುವ ಮನೆಯಲ್ಲಂತೂ ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ಕೆಲವು ತಂತಿಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.