ಘಟ್ಟ ಇಳಿದು ಕೆಲಸಕ್ಕೆ ಹೊರಟವನಿಗೆ

ತಮ್ಮಾ, ಹೊನ್ನಾವರದ ಕಡೆ ರೆಸಾರ್ಟ್ ಕೆಲಸಕ್ಕೆ ಸೇರುತ್ತಿದ್ದೀಯಂತೆ, ಸಂತೋಷ. ಅದೇನು ನಮಗೆ ಹೊರಗಿನ ಸೀಮೆಯಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ದಾಟಿ ಹೋಗುವ ನಮ್ಮ ಶರಾವತಿ ಸಮುದ್ರ ಸೇರುವುದು ಅಲ್ಲೇ. ಅಳಿವೆಯ ಆಚೆ ದಡಕ್ಕೆ ಕಾಸರಕೋಡು, ಟೊಂಕ. ಕಾಸರಕೋಡಿನ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಆಲಿವ್ ರಿಡ್ಲೆ ಕಡಲಾಮೆ ಮಾತ್ರ ಯಾವ ಮಾನ್ಯತೆಗೂ ಕಾಯದೆ ಚಳಿಗಾಲದ ರಾತ್ರಿಗಳಲ್ಲಿ ಆ ಮರಳಿಗೆ ಮೊಟ್ಟೆಯಿಡಲು ಬರುತ್ತದೆ.

ಅದನ್ನು ಕಾಯಲು ನೀನು ಅದರ ಹತ್ತಿರ ಹೋಗಬೇಕಾಗಿಯೇ ಇಲ್ಲ. ಕೆಲಸವೆಲ್ಲ ರೆಸಾರ್ಟಿನ ಒಳಗೇ ಇದೆ. ಮೊದಲು ದೀಪ. ಕತ್ತಲಲ್ಲಿ ಮೊಟ್ಟೆಯೊಡೆದು ಮೇಲೆ ಬಂದ ಮರಿ ಬೆಳಕಾಗಿ ಕಾಣುವ ದಿಕ್ಕಿಗೆ ಹರಿದು ಹೋಗುತ್ತದೆ. ಮನುಷ್ಯರಿಲ್ಲದ ತೀರದಲ್ಲಿ ಆ ಬೆಳಕು ಸಮುದ್ರದ ಕಡೆಯದೇ. ನಿಮ್ಮ ಹುಲ್ಲುಹಾಸಿನ ಫ್ಲಡ್‌ಲೈಟ್ ಉರಿದರೆ ಮರಿ ಊಟದ ಹಾಲ್ ಕಡೆ ತಿರುಗುತ್ತದೆ; ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತದೆ, ಇಲ್ಲವೇ ಕಾಗೆಯ ಪಾಲು. ಕಡಲಿಗೆ ಮುಖಮಾಡಿದ ದೀಪ ಆರಿಸಿ, ಪರದೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಮರಳ ಮೇಲಿನ ಕುರ್ಚಿಗಳನ್ನೂ ಸಂಜೆಯೇ ಒಳಗಿಡು, ಮಕ್ಕಳು ತೋಡಿದ ಗುಂಡಿ ಮುಚ್ಚು.

ಅಡುಗೆಮನೆಯ ಎಂಜಲು ಹಿತ್ತಿಲಿಗೆ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ, ದನ ತಿನ್ನುತ್ತದೆ. ಅಲ್ಲಿ ಸುರಿದರೆ ನಾಯಿಗಳು ಬೀಡುಬಿಡುತ್ತವೆ. ಗೂಡು ಅಗೆಯುವುದೂ ಅವೇ.

ಎಲ್ಲಕ್ಕಿಂತ ಕಷ್ಟದ್ದು, ರಾತ್ರಿ ಆಮೆ ನೋಡಲು ಹೋಗಬೇಕೆನ್ನುವ ಅತಿಥಿಗೆ ‘ಆಗುವುದಿಲ್ಲ’ ಎನ್ನುವುದು. ಮಲೆನಾಡಿನವರ ಬಾಯಲ್ಲಿ ಆ ಮಾತು ಸಲೀಸಾಗಿ ಬರುವುದಿಲ್ಲ, ನಿನಗಂತೂ ಬರುವುದೇ ಇಲ್ಲ. ಆಮೆ ಹಿಂಗಾಲಿನಿಂದ ಒಂದೂವರೆ ಅಡಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಗುಂಡಿ ತೋಡುವ ಮೊದಲೇ ಟಾರ್ಚ್ ಬಿದ್ದರೆ ಮೊಟ್ಟೆಯಿಡದೆ ವಾಪಸ್ ಹೋಗಿಬಿಡಬಹುದು. ಇಡಲು ಶುರುಮಾಡಿದ ಮೇಲೆ ಸುಲಭಕ್ಕೆ ಕದಲುವುದಿಲ್ಲ, ಸೆಲ್ಫಿಯವರಿಗೆ ಅದೇ ಸಲಿಗೆ. ಇದನ್ನೆಲ್ಲ ಮಧ್ಯರಾತ್ರಿ ವಾದ ಮಾಡಿ ಒಪ್ಪಿಸಲಾಗದು. ರೂಮಿನ ಕೀಲಿ ಕೊಡುವಾಗಲೇ, ಕೋಕಂ ಶರಬತ್ತು ಕೈಗಿಟ್ಟು, ನಗುತ್ತಲೇ ಹೇಳಿಬಿಡು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆಯಿದೆ, ಮೊಟ್ಟೆ ತೆಗೆದರೆ ಜೈಲು ಎಂಬುದನ್ನೂ ಸೇರಿಸು. ಕೆಲವರಿಗೆ ಶರಬತ್ತಿಗಿಂತ ಅದೇ ಬೇಗ ಇಳಿಯುತ್ತದೆ.

ಗೂಡು ಕಂಡರೆ ನೀನೂ ಕೈಹಾಕಬೇಡ. ಇಟ್ಟು ಕೆಲವು ಗಂಟೆ ಕಳೆದ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಪಿಂಡ ಸಾಯುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡು. ಬೇಲಿ ಕಟ್ಟುವುದೋ, ಸ್ಥಳಾಂತರಿಸುವುದೋ, ಅವರಿಗೆ ಬಿಟ್ಟದ್ದು. ಅಲ್ಲಿನ ಮೀನುಗಾರರನ್ನು ಕೇಳಿ ಕಲಿ, ಆಮೆಯ ಜಾಡು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಒಂದೂವರೆ, ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ಆಗಲೂ ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಡುವ ಪುಣ್ಯಕಾರ್ಯ ಬೇಡ, ತಾನೇ ನಡೆದು ಹೋಗಲಿ.

ಸೇರಿದ ದಿನವೇ ಮ್ಯಾನೇಜರನ್ನು ಕೇಳು: ರಾತ್ರಿ ಕಡಲಕಡೆಯ ದೀಪ ಆರಿಸುವ ಕೆಲಸ ಯಾರದು? ಯಾರದೂ ಅಲ್ಲ ಎಂದರೆ ನಿನ್ನ ಹೆಸರಿಗೆ ಬರೆಸಿಕೊ.